ಕರೆ ಬಾರದ ಹನ್ನೊಂದು ತಿಂಗಳು

(ಸಲಹೆ ಪಡೆದವರ ಒಪ್ಪಿಗೆಯಿಂದ ಬರೆದದ್ದು. ಹೆಸರು, ವಯಸ್ಸು, ಕುಟುಂಬದ ವಿವರ, ಪಾತ್ರದ ಸ್ವರೂಪ ಎಲ್ಲವನ್ನೂ ಬದಲಾಯಿಸಿದ್ದೇನೆ.)

ಅವರನ್ನು ಇಲ್ಲಿ ಶ್ರೀಧರ ಎಂದು ಕರೆಯುತ್ತೇನೆ. ವಯಸ್ಸು 41. ಹದಿನಾರು ವರ್ಷಗಳಿಂದ ಸಿನಿಮಾ ಮತ್ತು ಕಿರುತೆರೆಯಲ್ಲಿ ದುಡಿದವರು. ನಾಯಕನಾದವರಲ್ಲ. ನಾಯಕನ ಗೆಳೆಯ, ನಾಯಕಿಯ ಅಣ್ಣ, ವಕೀಲ, ಪೊಲೀಸ್ ಅಧಿಕಾರಿ, ಇಂತಹ ಪಾತ್ರಗಳಲ್ಲೇ ಬದುಕು ಕಟ್ಟಿಕೊಂಡಿದ್ದರು. ಕೊನೆಯದಾಗಿ ಒಂದು ಧಾರಾವಾಹಿಯಲ್ಲಿ ನಾಲ್ಕು ವರ್ಷ ಮನೆಯ ಹಿರಿಮಗನಾಗಿದ್ದರು. ಒಂದು ವಾರ ಚಿತ್ರೀಕರಣಕ್ಕೆ ಕರೆ ಬರಲಿಲ್ಲ. ವಿಚಾರಿಸಿದರೆ, ಕಥೆ ಬೇರೆ ಕಡೆ ಹೊರಳಿದೆ, ಬೇಕಾದಾಗ ತಿಳಿಸುತ್ತೇವೆ ಎಂಬ ಉತ್ತರ ಬಂತು. ಮೂರು ವಾರದ ನಂತರ ಮನೆಯಲ್ಲಿ ಕುಳಿತು ಅದೇ ಧಾರಾವಾಹಿ ನೋಡುತ್ತಿದ್ದಾಗ, ತಾಯಿಯ ಪಾತ್ರದವರು ಬಟ್ಟೆ ಮಡಿಸುತ್ತಾ, "ದೊಡ್ಡವನು ಕೆಲಸದ ಮೇಲೆ ವಿದೇಶಕ್ಕೆ ಹೋದ" ಎಂದರು. ನಾಲ್ಕು ವರ್ಷದ ಪಾತ್ರ ಆ ಒಂದು ಸಾಲಿನಲ್ಲಿ ಮುಗಿಯಿತು.

ಸಲಹೆಗಾರ್ತಿಯಾದ ನನ್ನ ಬಳಿ ಬಂದಾಗ ಅದಾಗಿ ಹನ್ನೊಂದು ತಿಂಗಳಾಗಿತ್ತು. ಕುಳಿತ ಕೂಡಲೇ ಮೊಬೈಲನ್ನು ಪರದೆ ಮೇಲೆ ಬರುವಂತೆ ಮೇಜಿನ ಮೇಲಿಟ್ಟರು. ಮಾತಿನ ನಡುವೆ ಬೆರಳಿನಿಂದ ಅದನ್ನು ತಟ್ಟಿ ಬೆಳಗಿಸುವರು, ನೋಡುವರು, ಮತ್ತೆ ಮಾತಿಗೆ ಬರುವರು. ಹಾಗೆ ಮಾಡುತ್ತಿದ್ದೇನೆಂಬುದು ಅವರಿಗೇ ತಿಳಿದಿರಲಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಂಡಿದ್ದರು. ಕಿವಿಯ ಹತ್ತಿರ ಬುಡದಲ್ಲಿ ಬಿಳಿಯ ಗೆರೆ ಕಾಣುತ್ತಿತ್ತು. "ಮೇಡಂ, ಒಂದೇ ಪ್ರಶ್ನೆ. ನಾನು ಇದನ್ನು ಬಿಡಬೇಕೋ ಮುಂದುವರಿಸಬೇಕೋ ಹೇಳಿಬಿಡಿ" ಎಂದರು.

ಮೊದಲ ಭೇಟಿಯಲ್ಲಿ ಆ ಪ್ರಶ್ನೆಯನ್ನು ನಾನು ಮುಟ್ಟಲಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ರುಚಿಸದಿರುವುದು, ಸ್ನೇಹಿತರ ಫೋನ್ ಎತ್ತದಿರುವುದು ಎರಡು ತಿಂಗಳಿಂದ ನಡೆದಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು, ಸ್ವಲ್ಪ ತಡೆದು. ಆ ತಡೆದದ್ದು ನನಗೆ ಮುಖ್ಯವೆನಿಸಿತು. ಅದೇ ವಾರ ಮನೋವೈದ್ಯರ ಬಳಿ ಕಳಿಸಿದೆ. ಖಿನ್ನತೆಗೆ ಚಿಕಿತ್ಸೆ ಶುರುವಾಯಿತು. ವೃತ್ತಿಯ ಮಾತು ಅದರ ಜೊತೆಗೇ ನಡೆಯಿತು. ನಿದ್ದೆಗೆಟ್ಟ ತಲೆಯಲ್ಲಿ ಬದುಕಿನ ದೊಡ್ಡ ತೀರ್ಮಾನ ಕೈಗೊಳ್ಳಬಾರದು. ಇದನ್ನು ಯಾವ ವೃತ್ತಿಯವರಿಗಾದರೂ ಹೇಳುತ್ತೇನೆ.

ಎರಡನೆಯ ಭೇಟಿಗೆ ಒಂದು ನೋಟ್‌ಬುಕ್ ತಂದರು. ತಡವಾಗಿ ಹೆಸರು ಮಾಡಿದ ನಟರ ಪಟ್ಟಿ ಅದು. ಅಲನ್ ರಿಕ್‌ಮನ್ ಅವರ ಮೊದಲ ಸಿನಿಮಾ ತೆರೆಕಂಡದ್ದು 1988ರಲ್ಲಿ, ಆಗ ಅವರಿಗೆ 42. ನರ್ಸ್ ಆಗಿದ್ದ ಕ್ಯಾಥರಿನ್ ಜೂಸ್ಟನ್ ನಟನೆಗೆ ಬಂದದ್ದೇ 42ರ ವಯಸ್ಸಿನಲ್ಲಿ, ಮುಂದೆ ಅಮೆರಿಕದ ಕಿರುತೆರೆಯ ದೊಡ್ಡ ಗೌರವವಾದ ಎಮ್ಮಿ ಪ್ರಶಸ್ತಿಯನ್ನು ಎರಡು ಸಲ ಪಡೆದರು. 2008ರಲ್ಲಿ ಬ್ರೇಕಿಂಗ್ ಬ್ಯಾಡ್ ಎಂಬ ಅಮೆರಿಕದ ಟಿವಿ ಸರಣಿ ಆರಂಭವಾದಾಗ ಅದರ ನಾಯಕ ನಟ ಬ್ರಯನ್ ಕ್ರ್ಯಾನ್‌ಸ್ಟನ್ ಅವರಿಗೆ 51. ಶ್ರೀಧರ ಈ ವಯಸ್ಸುಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಇಂತಹ ಕಥೆಗಳನ್ನು ಧೈರ್ಯ ತುಂಬಲು ನಾನು ಬಳಸುವುದಿಲ್ಲ. ಗೆದ್ದವರ ವಯಸ್ಸು ಮಾತ್ರ ಓದಿದರೆ ಅದು ಲಾಟರಿ ಫಲಿತಾಂಶದ ಹಾಗೆ ಕಾಣುತ್ತದೆ, ಕಾಯುವುದೇ ಕೆಲಸವೆಂಬ ಭ್ರಮೆ ಹುಟ್ಟುತ್ತದೆ. ಆದರೆ ನೋಟ್‌ಬುಕ್ಕನ್ನು ಪಕ್ಕಕ್ಕೆ ತಳ್ಳಲೂ ಮನಸ್ಸಾಗಲಿಲ್ಲ. ಅದೇ ಹೆಸರುಗಳ ಎದುರು, ಆ ವಯಸ್ಸಿಗೆ ಮುಂಚೆ ಇವರು ಏನು ಮಾಡುತ್ತಿದ್ದರು ಎಂದು ಬರೆದುಕೊಂಡು ಬನ್ನಿ ಎಂದೆ. ಮುಂದಿನ ವಾರ ಪುಟ ತುಂಬಿತ್ತು. ರಿಕ್‌ಮನ್ ಗ್ರಾಫಿಕ್ ಡಿಸೈನರ್ ಆಗಿದ್ದು, ಆಮೇಲೆ ವರ್ಷಗಟ್ಟಲೆ ರಂಗಭೂಮಿಯಲ್ಲಿ ದುಡಿದವರು. ಕ್ರ್ಯಾನ್‌ಸ್ಟನ್ ಜಾಹೀರಾತು, ಹಗಲಿನ ಧಾರಾವಾಹಿ, ಒಂದೊಂದು ಕಂತಿನ ಅತಿಥಿ ಪಾತ್ರ ಎಂದು ಎರಡು ದಶಕ ಕಳೆದವರು. "ಇವರೆಲ್ಲ ಅಲ್ಲಿಯವರೆಗೂ ನನ್ನ ಹಾಗೆಯೇ ಇದ್ದರಲ್ಲ" ಎಂದರು ಶ್ರೀಧರ. ಸಮಾಧಾನದ ದನಿಯಲ್ಲಿ ಅಲ್ಲ, ಆಶ್ಚರ್ಯದಿಂದ. ಇದರ ನಂತರವೇ ನಮ್ಮ ನಿಜವಾದ ಮಾತು ಶುರುವಾಯಿತು.

ನಟರ ವೃತ್ತಿಯನ್ನು ಹೊರಗಿನವರು ಮೆಟ್ಟಿಲು ಎಂದುಕೊಳ್ಳುತ್ತಾರೆ. ಸಣ್ಣ ಪಾತ್ರ, ದೊಡ್ಡ ಪಾತ್ರ, ಹೆಸರು, ಹೀಗೆ ಮೇಲೇರುವುದು. ನನ್ನ ಬಳಿ ಬಂದ ನಟ ನಟಿಯರಲ್ಲಿ ಹಾಗೆ ನಡೆದದ್ದನ್ನು ನಾನು ಕಂಡಿಲ್ಲ. ಕೆಲಸ, ಬಿಡುವು, ಕೆಲಸ, ಇನ್ನೂ ಉದ್ದದ ಬಿಡುವು; ಬಿಡುವೂ ಈ ವೃತ್ತಿಯ ಒಂದು ಭಾಗವೇ. ಧಾರಾವಾಹಿ ಇದನ್ನು ಮರೆಸಿಬಿಡುತ್ತದೆ. ನಾಲ್ಕು ವರ್ಷ ಪ್ರತಿ ತಿಂಗಳೂ ಹಣ ಬಂದಾಗ ಅದು ಸಂಬಳದಂತೆ ತೋರುತ್ತದೆ, ಮನೆಯ ಖರ್ಚು ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಸಂಬಳವೇನೋ ನಿಂತಿತು, ಸಾಲದ ಕಂತುಗಳು ನಿಲ್ಲಲಿಲ್ಲ. ಇದು ಒಬ್ಬರ ಅಜಾಗರೂಕತೆಯ ವಿಷಯವಲ್ಲ. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿದಾಗ ಹೊರಬಂದ ಒಂದು ಸಂಗತಿ ನನ್ನನ್ನು ತುಂಬ ಕಾಡಿತ್ತು: ಸಂಘದ ಆರೋಗ್ಯ ವಿಮೆಗೆ ಬೇಕಾದ ಕನಿಷ್ಠ ವಾರ್ಷಿಕ ಗಳಿಕೆಯನ್ನು ಸದಸ್ಯರಲ್ಲಿ ಬಹುಪಾಲು ಜನ ಮುಟ್ಟುವುದೇ ಇಲ್ಲ. ಅಷ್ಟು ದೊಡ್ಡ ಉದ್ಯಮದಲ್ಲೇ ಸ್ಥಿತಿ ಹೀಗಿದೆ. ಇದನ್ನು ಹೇಳಿದಾಗ ಶ್ರೀಧರ ಬಹಳ ಹೊತ್ತು ಸುಮ್ಮನಿದ್ದರು. ತಾನೊಬ್ಬನೇ ಸೋತೆ ಎಂದುಕೊಂಡಿದ್ದವರು ಅವರು.

ಮೂರನೆಯ ಭೇಟಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಹಳೆಯ ನಿರ್ದೇಶಕರಿಗೆ ನೀವೇ ಒಮ್ಮೆ ಫೋನ್ ಮಾಡಬಾರದೇ ಎಂದುಬಿಟ್ಟೆ. ಅವರ ಮುಖ ಮುಚ್ಚಿಹೋಯಿತು. ಎಷ್ಟು ಸಲ ಮಾಡಿದ್ದಾರೆ, ಎಷ್ಟು ಸಲ "ನೋಡೋಣ" ಕೇಳಿದ್ದಾರೆ ಎಂದು ಮೊದಲು ಕೇಳಬೇಕಿತ್ತು. ಕ್ಷಮೆ ಕೇಳಿದೆ. ಆಮೇಲೆ ಇಬ್ಬರೂ ಕುಳಿತು, ಆ ವರ್ಷ ಕೊಟ್ಟ ಒಂಬತ್ತು ಆಡಿಷನ್‌ಗಳನ್ನು ಒಂದೊಂದಾಗಿ ನೆನಪಿಸಿಕೊಂಡು, ಯಾಕೆ ಸಿಗಲಿಲ್ಲ ಎಂದು ತಿಳಿದಷ್ಟನ್ನು ಬರೆದೆವು. ಒಂದರಲ್ಲಿ ನಾಯಕನಿಗಿಂತ ಎತ್ತರವಿದ್ದರು. ಒಂದರಲ್ಲಿ ತಮ್ಮನ ಪಾತ್ರಕ್ಕೆ ಆಯ್ಕೆಯಾದವರ ಮುಖಕ್ಕೆ ಹೋಲಿಕೆಯಾಗಲಿಲ್ಲ. ಎರಡು ಯೋಜನೆಗಳು ಶುರುವಾಗಲೇ ಇಲ್ಲ. ನಾಲ್ಕಕ್ಕೆ ಕಾರಣವೇ ಗೊತ್ತಿಲ್ಲ. ಒಂದರಲ್ಲಿ ಮಾತ್ರ, ಸಾಲುಗಳನ್ನು ಸರಿಯಾಗಿ ಕಲಿತು ಹೋಗಿರಲಿಲ್ಲ ಎಂದು ತಾವೇ ಒಪ್ಪಿಕೊಂಡರು. ಒಂಬತ್ತರಲ್ಲಿ ಒಂದು. ಉಳಿದ ಎಂಟನ್ನೂ ಅವರು ತಮ್ಮ ಪ್ರತಿಭೆಯ ಮೇಲಿನ ತೀರ್ಪೆಂದು ಹೊತ್ತುಕೊಂಡಿದ್ದರು.

ಇನ್ನೊಂದು ಆಡಿಷನ್ ಆ ಒಂಬತ್ತರಲ್ಲಿ ಸೇರಿರಲಿಲ್ಲ, ಏಕೆಂದರೆ ಅದಕ್ಕೆ ಅವರು ಹೋಗಲೇ ಇಲ್ಲ. ಇಪ್ಪತ್ತರ ಹುಡುಗಿಯ ತಂದೆಯ ಪಾತ್ರ. ಪಾತ್ರಗಳಿಗೆ ನಟರನ್ನು ಆರಿಸುವ ಕಾಸ್ಟಿಂಗ್ ನಿರ್ದೇಶಕಿಯೇ ಫೋನ್ ಮಾಡಿದ್ದರು. ಶ್ರೀಧರ ಬೇರೆ ಚಿತ್ರೀಕರಣವಿದೆ ಎಂದು ಸುಳ್ಳು ಹೇಳಿದ್ದರು. ನನ್ನ ಅನುಭವದಲ್ಲಿ ಪೋಷಕ ನಟರಿಗೆ ಅತ್ಯಂತ ಕಠಿಣ ಕಾಲ ಈ ಮೂವತ್ತೆಂಟರಿಂದ ನಲವತ್ತೈದರ ನಡುವಿನದು. ಗೆಳೆಯನ ಪಾತ್ರಕ್ಕೆ ವಯಸ್ಸಾಗಿದೆ, ತಂದೆಯ ಪಾತ್ರಕ್ಕೆ ಮನಸ್ಸು ಒಪ್ಪುವುದಿಲ್ಲ. ನಟಿಯರಿಗೆ ಇದು ಇನ್ನೂ ಬೇಗ ಬರುತ್ತದೆ, ಇನ್ನೂ ನಿರ್ದಯವಾಗಿ ಬರುತ್ತದೆ. "ತಂದೆಯ ಪಾತ್ರ ಒಪ್ಪಿದರೆ ಏನು ಕಳೆದುಕೊಳ್ಳುತ್ತೀರಿ?" ಎಂದು ಕೇಳಿದೆ. ಉತ್ತರ ಬರಲು ಮುಂದಿನ ಭೇಟಿಯವರೆಗೆ ಕಾಯಬೇಕಾಯಿತು. "ಒಂದು ದಿನ ನಾಯಕನಾಗುತ್ತೇನೆ ಎಂದು ಇಷ್ಟು ವರ್ಷ ಒಳಗೊಳಗೇ ನಂಬಿದ್ದೆ. ಅದು ಮುಗಿದಂತಾಗುತ್ತದೆ." ಇದಕ್ಕೆ ದುಃಖಪಡುವುದು ಸರಿ, ಇದು ನಿಜವಾದ ನಷ್ಟ ಎಂದೆ. ಅಂದು ಅವರು ಅತ್ತರು. ಅದಕ್ಕೆ ಅಡ್ಡ ಬರುವ ಯಾವ ಮಾತನ್ನೂ ನಾನು ಆಡಲಿಲ್ಲ.

ಮತ್ತೊಂದು ಗುಟ್ಟೂ ಇತ್ತು. ಐದು ತಿಂಗಳಿಂದ ವಾರಕ್ಕೆ ಮೂರು ದಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಿದ್ದರು. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಗುರುತು ಸಿಕ್ಕೀತೆಂದು ಮುಖಗವಸು ಹಾಕಿಕೊಂಡೇ ಕೂರುತ್ತಿದ್ದರು. ನಟನ ಸಂಕಟವೇ ಇದು: ಆದಾಯ ನಿಂತರೂ ಮುಖದ ಪರಿಚಯ ನಿಲ್ಲುವುದಿಲ್ಲ. 2018ರಲ್ಲಿ, ಒಂದು ಕಾಲದಲ್ಲಿ ಮನೆಮನೆಗೂ ಪರಿಚಿತರಾಗಿದ್ದ ಜೆಫ್ರಿ ಓವೆನ್ಸ್ ಎಂಬ ಅಮೆರಿಕದ ನಟ ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಫೋಟೋವನ್ನು ಯಾರೋ ತೆಗೆದು ಹಬ್ಬಿಸಿದರು. ಹೀಯಾಳಿಸಿದವರ ವಿರುದ್ಧ ನಿಂತವರಲ್ಲಿ ಇತರ ನಟರು ಹಲವರಿದ್ದರು. ತಾವೂ ಯಾವ ಯಾವ ಕೆಲಸ ಮಾಡಿದ್ದೇವೆಂದು ಒಬ್ಬೊಬ್ಬರಾಗಿ ಬರೆದರು. ದುಡಿಮೆಯಲ್ಲಿ ಮೇಲು ಕೀಳಿಲ್ಲ ಎಂದು ಓವೆನ್ಸ್ ಬಹಿರಂಗವಾಗಿಯೇ ಹೇಳಿದರು. ಈ ಪ್ರಸಂಗವನ್ನು ಶ್ರೀಧರ ಅವರಿಗೆ ವಿವರವಾಗಿ ಹೇಳಿದೆ.

ನಾನು ಕೊಟ್ಟ ಸಲಹೆ ಇಷ್ಟು. ಗೋದಾಮಿನ ಕೆಲಸ ಬಿಡಬೇಡಿ, ನಟನೆಯನ್ನು ಹೊತ್ತುಕೊಂಡು ನಿಂತಿರುವುದು ಅದೇ. ಆಡಿಷನ್ ದಿನ ರಜೆ ಬೇಕಾಗುತ್ತದೆ ಎಂದು ಅಲ್ಲಿಯ ಮೇಲ್ವಿಚಾರಕರಿಗೆ ಹೇಳಿಬಿಡಿ, ಹೇಳಿದರೆ ಬಚ್ಚಿಡುವ ಆಯಾಸ ತಪ್ಪುತ್ತದೆ. ಹಣ ಬಂದಾಗ ಅದನ್ನು ತಿಂಗಳ ಗಳಿಕೆ ಎಂದುಕೊಳ್ಳದೆ, ಕಳೆದ ಮೂರು ವರ್ಷದ ಸರಾಸರಿಯಲ್ಲಿ ಖರ್ಚು ಮಾಡಿ. ಆರು ತಿಂಗಳ ಮನೆಖರ್ಚು ಕೈಯಲ್ಲಿ ಸೇರುವವರೆಗೆ ಹೊಸ ಸಾಲ ಬೇಡ. ಮೊಬೈಲ್ ನೋಡಲು ದಿನಕ್ಕೆ ಮೂರು ಹೊತ್ತು ಗೊತ್ತು ಮಾಡಿಕೊಳ್ಳಿ. ಇಲ್ಲಿಯವರೆಗೆ ಮುಟ್ಟದಿದ್ದ ಕಂಠದಾನದ ಕೆಲಸ ಕೇಳಿ ನೋಡಿ, ಅಲ್ಲಿ ಕೂದಲಿನ ಬಣ್ಣ ಯಾರಿಗೂ ಬೇಕಿಲ್ಲ.

ಹೆಂಡತಿಯವರನ್ನೂ ಒಮ್ಮೆ ಕರೆಸಿದೆ. ಅವರು ಪ್ರತಿ ಸಂಜೆ "ಯಾರಾದರೂ ಫೋನ್ ಮಾಡಿದರೇ?" ಎಂದು ಕೇಳುತ್ತಿದ್ದರು. ಪ್ರೀತಿಯಿಂದಲೇ. ಅದು ಶ್ರೀಧರ ಅವರಿಗೆ ದಿನದ ಕೊನೆಯ ಆಡಿಷನ್‌ನಂತೆ ಆಗಿತ್ತು. ಇನ್ನು ಆಕೆ ಕೇಳಬಾರದು, ಸುದ್ದಿಯಿದ್ದರೆ ಇವರೇ ಅಂದೇ ಹೇಳಬೇಕು ಎಂದು ಇಬ್ಬರೂ ಒಪ್ಪಿಕೊಂಡರು.

ಬಿಡಬೇಕೋ ಮುಂದುವರಿಸಬೇಕೋ ಎಂಬುದಕ್ಕೆ ನಾನು ಕೊನೆಗೂ ಉತ್ತರ ಕೊಡಲಿಲ್ಲ. ಬದಲಿಗೆ ಒಂದು ವರ್ಷದ ನಂತರದ ದಿನಾಂಕ ಗೊತ್ತು ಮಾಡಿದೆವು. ಅಂದು ನೋಡಬೇಕಾದದ್ದನ್ನು ಅವರೇ ಬರೆದರು: ಸಾಲ ಕಡಿಮೆಯಾಗಿದೆಯೇ, ನಿದ್ದೆ ಬರುತ್ತಿದೆಯೇ, ಸೆಟ್ಟಿಗೆ ಹೋಗುವ ಬೆಳಿಗ್ಗೆ ಈಗಲೂ ಮನಸ್ಸು ಹಗುರಾಗುತ್ತದೆಯೇ. ಹೆಸರು, ಪ್ರಶಸ್ತಿ ಅದರಲ್ಲಿ ಇರಲಿಲ್ಲ.

ತಂದೆಯ ಪಾತ್ರಕ್ಕೆ ಕರೆದಿದ್ದ ಆ ನಿರ್ದೇಶಕಿಗೆ ಅವರೇ ಫೋನ್ ಮಾಡಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡರು. ಆ ಪಾತ್ರ ಬೇರೆಯವರಿಗೆ ಹೋಗಿತ್ತು. ಎರಡು ತಿಂಗಳ ನಂತರ ಆಕೆ ಇನ್ನೊಂದಕ್ಕೆ ಕರೆದರು, ನಾಲ್ಕು ದಿನದ ಕೆಲಸ, ಮದುವೆಯ ವಯಸ್ಸಿನ ಮಗನಿರುವ ಮೇಷ್ಟರು. ಕೂದಲಿಗೆ ಬಣ್ಣ ಹಚ್ಚದೆ ಹೋದರು.

ಕಳೆದ ವಾರ ನಮ್ಮ ಭೇಟಿಯನ್ನು ಮುಂದೂಡಲು ಕೇಳಿದರು. ಗೋದಾಮಿನಲ್ಲಿ ವರ್ಷಾಂತ್ಯದ ದಾಸ್ತಾನು ಎಣಿಕೆ, ಅದೇ ದಿನ ಮಧ್ಯಾಹ್ನ ಒಂದು ಆಡಿಷನ್. ಮೇಲ್ವಿಚಾರಕರು ಎರಡು ಗಂಟೆ ಬಿಡುವು ಕೊಟ್ಟಿದ್ದಾರಂತೆ, ಸಾಲುಗಳನ್ನು ಕೇಳಿಸಿಕೊಳ್ಳಲು ಅಲ್ಲಿಯ ಹುಡುಗನೊಬ್ಬ ಎದುರು ಕೂರುತ್ತಿದ್ದಾನಂತೆ.