ಆಂಬುಲೆನ್ಸ್‌ಗೆ ದಾರಿ ಬಿಟ್ಟರೆ ಹೊಗೆ ಹೆಚ್ಚುತ್ತದೆಯೇ?

ಪ್ರಶ್ನೆ: ಆಂಬುಲೆನ್ಸ್ ಬಂದರೆ ಉಳಿದ ಮೂರೂ ದಿಕ್ಕಿನ ವಾಹನಗಳನ್ನು ತಡೆಯುತ್ತಾರೆ. ಮುಖ್ಯರಸ್ತೆಯಲ್ಲಿ ಅಪಘಾತವಾದರಂತೂ ಲಾರಿ, ಬಸ್ಸು ಎಲ್ಲವನ್ನೂ ನಮ್ಮ ಬಡಾವಣೆಯೊಳಗೆ ತಿರುಗಿಸುತ್ತಾರೆ. ಜೀವ ಉಳಿಸುವುದು ಮುಖ್ಯ, ಒಪ್ಪುತ್ತೇನೆ. ಆದರೆ ಇದರಿಂದ ಪರಿಸರಕ್ಕಾಗುವ ಹಾನಿ ಎಷ್ಟು?

ಉತ್ತರ: ನೀವು ಕೇಳಿರುವುದು ಎರಡು ಬೇರೆ ಬೇರೆ ವಿಷಯ. ಮೊದಲನೆಯದಕ್ಕೆ ಚಿಂತೆ ಬೇಡ, ಎರಡನೆಯದಕ್ಕೆ ಖಂಡಿತ ಬೇಕು.

ಸಾಧಾರಣ ಪೆಟ್ರೋಲ್ ಕಾರು ನಿಂತಲ್ಲೇ ಇಂಜಿನ್ ಓಡಿಸುತ್ತಿದ್ದರೆ ಗಂಟೆಗೆ ಸುಮಾರು 0.6 ಲೀಟರ್ ಕುಡಿಯುತ್ತದೆ. ಆಂಬುಲೆನ್ಸ್‌ಗಾಗಿ 100 ಕಾರುಗಳು ಒಂದು ನಿಮಿಷ ಹೆಚ್ಚಿಗೆ ಕಾದವು ಎಂದುಕೊಳ್ಳಿ. ಉರಿಯುವುದು ಎಲ್ಲ ಸೇರಿ 1 ಲೀಟರ್. ಅದರಿಂದ ಹೊರಬರುವುದು ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಸಿಗ್ನಲ್ ಮತ್ತೆ ಹದಕ್ಕೆ ಬರಲು ಕೆಲವು ಸುತ್ತು ಹಿಡಿದರೂ ಒಂದು ಜೀವದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ದಾರಿ ಬಿಡಲು ಯಾರೂ ಹಿಂದೆಮುಂದೆ ನೋಡಬಾರದು.

ಅಪಘಾತದ ಕತೆ ಬೇರೆ. 500 ಕಾರುಗಳು ಅರ್ಧ ಗಂಟೆ ಸಿಕ್ಕಿಕೊಂಡರೆ 150 ಲೀಟರ್ ಪೆಟ್ರೋಲ್ ಸುಮ್ಮನೆ ಉರಿದುಹೋಗುತ್ತದೆ. ಇಂಚಿಂಚು ಮುಂದೆ ಹೋಗಿ ಮತ್ತೆ ನಿಲ್ಲುವಾಗ ಆಗುವ ಖರ್ಚು ಇದಕ್ಕಿಂತ ಹೆಚ್ಚು. ಮೂರು ಲೇನ್‌ಗಳ ಹೆದ್ದಾರಿಯಲ್ಲಿ ಒಂದು ಲೇನ್ ಮುಚ್ಚಿದರೆ ಮೂರನೇ ಒಂದು ಭಾಗವಲ್ಲ, ರಸ್ತೆಯ ಸಾಮರ್ಥ್ಯ ಸುಮಾರು ಅರ್ಧದಷ್ಟು ಕುಸಿಯುತ್ತದೆ. ಪಕ್ಕದ ಲೇನ್‌ನವರು ಏನಾಯಿತೆಂದು ನೋಡಲು ವೇಗ ತಗ್ಗಿಸುವುದೂ ಇದಕ್ಕೆ ಕಾರಣ. ಹಾಗಾಗಿ ಗಾಯಾಳುಗಳನ್ನು ಸಾಗಿಸಿದ ಮೇಲೆ ಜಖಂಗೊಂಡ ವಾಹನವನ್ನು ಎಷ್ಟು ಬೇಗ ಬದಿಗೆ ಎಳೆಯುತ್ತೇವೋ ಅಷ್ಟು ಹೊಗೆ ಕಡಿಮೆಯಾಗುತ್ತದೆ. ಕ್ರೇನ್ ಹತ್ತಿರದಲ್ಲೇ ಸಿದ್ಧವಿರುವುದು ನನ್ನ ಪ್ರಕಾರ ದೊಡ್ಡ ಪರಿಸರ ಕ್ರಮ. ಅದನ್ನು ಹಾಗೆ ಕಾಣುವವರು ಕಡಿಮೆ.

ಇನ್ನು ನಿಮ್ಮ ಬಡಾವಣೆ. ಇಲ್ಲಿ ಹೊಗೆಯ ಒಟ್ಟು ಮೊತ್ತಕ್ಕಿಂತ ಅದು ಯಾರ ಮೂಗಿಗೆ ಹೋಗುತ್ತದೆ ಎಂಬುದು ಮುಖ್ಯ. ದೊಡ್ಡ ರಸ್ತೆಯಿಂದ ನೂರಾರು ಮೀಟರ್ ದೂರ ಸರಿದರೆ ಹೊಗೆಯ ಅತಿಸೂಕ್ಷ್ಮ ಕಣಗಳು ಬಹಳಷ್ಟು ತಗ್ಗುತ್ತವೆ. ಒಳರಸ್ತೆಯಲ್ಲಿ ಮನೆಯ ಕಿಟಕಿಗೂ ಲಾರಿಯ ಹೊಗೆಕೊಳವೆಗೂ ನಡುವೆ ಮೂರ್ನಾಲ್ಕು ಮೀಟರ್ ಇದ್ದರೆ ಹೆಚ್ಚು. ಎರಡೂ ಬದಿ ಎತ್ತರದ ಕಟ್ಟಡಗಳಿದ್ದರೆ ಗಾಳಿಯಾಡದೆ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಎಂಬ ಹಾನಿಕರ ಅನಿಲ ಅಲ್ಲೇ ಮಡುಗಟ್ಟುತ್ತದೆ. ವಿದ್ಯುತ್ ವಾಹನಗಳಿಗೆ ಹೊಗೆಯಿಲ್ಲ, ಆದರೆ ಬ್ರೇಕ್ ಮತ್ತು ಟೈರ್ ಸವೆದು ಏಳುವ ದೂಳು ಅವುಗಳಿಂದಲೂ ಬರುತ್ತದೆ.

ಆದ್ದರಿಂದ ಟ್ರಾಫಿಕ್ ತಿರುಗಿಸುವುದಿದ್ದರೆ ಅಪಘಾತದ ಜಾಗದಲ್ಲಲ್ಲ, ಬಹಳ ಹಿಂದಿನ ದೊಡ್ಡ ಜಂಕ್ಷನ್‌ನಲ್ಲೇ ತಿರುಗಿಸಬೇಕು. ಡೀಸೆಲ್ ಲಾರಿಗಳನ್ನು ಒಳಗೆ ಬಿಡುವ ಬದಲು ಅಗಲವಾದ ಜಾಗದಲ್ಲಿ ತಡೆದು ಇಂಜಿನ್ ಆಫ್ ಮಾಡಿಸುವುದು ಮೇಲು. ಶಾಲೆ, ಆಸ್ಪತ್ರೆ ಇರುವ ಬೀದಿಗಳನ್ನು ಬದಲಿ ಮಾರ್ಗದ ಪಟ್ಟಿಯಿಂದ ಮೊದಲೇ ತೆಗೆದಿಡಬೇಕು. ನಿಮ್ಮ ನಿವಾಸಿಗಳ ಸಂಘ ಇದನ್ನೇ ಕೇಳಲಿ: ಬದಲಿ ಮಾರ್ಗ ಯಾವುದು, ಲಿಖಿತವಾಗಿ ಇದೆಯೇ?

ಸಿಕ್ಕಿಕೊಂಡ ಚಾಲಕರಿಗೂ ಒಂದು ಮಾತು. 10 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದು ಖಚಿತವಾದರೆ ಇಂಜಿನ್ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಲು ಅದಕ್ಕಿಂತ ಹೆಚ್ಚು ಇಂಧನ ಬೇಕೆಂಬುದು ಹಳೆಯ ನಂಬಿಕೆ. ಕಿಟಕಿ ಮುಚ್ಚಿ, ಎಸಿಯನ್ನು ಒಳಗಾಳಿ ಸುತ್ತುವಂತೆ ಇಟ್ಟುಕೊಂಡರೆ ಮುಂದಿನ ವಾಹನದ ಹೊಗೆ ಒಳಬರುವುದು ಕಡಿಮೆಯಾಗುತ್ತದೆ. ಬಹಳ ಹೊತ್ತು ಹಾಗೇ ಬಿಡಬೇಡಿ, ಉಸಿರು ಕಟ್ಟಿದಂತಾಗಿ ಮಂಪರು ಬರುತ್ತದೆ.

ನೀವು ಕೇಳದ, ಆದರೆ ಹೇಳಲೇಬೇಕಾದ ವಿಷಯ ಚೆಲ್ಲಿದ ಡೀಸೆಲ್ ಮತ್ತು ಆಯಿಲ್‌ನದು. ರಸ್ತೆ ಬೇಗ ತೆರವಾಗಲಿ ಎಂದು ಪೈಪ್ ಹಿಡಿದು ತೊಳೆದುಬಿಟ್ಟರೆ ಅದು ಮಳೆನೀರಿನ ಚರಂಡಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಆ ನೀರಿಗೆ ಯಾವ ಶುದ್ಧೀಕರಣವೂ ಇರುವುದಿಲ್ಲ, ನೇರ ಕೆರೆ ಅಥವಾ ನದಿ ಸೇರುತ್ತದೆ. ಮೊದಲು ಚರಂಡಿಯ ಬಾಯಿಗೆ ಮರಳು ಮೂಟೆ ಅಡ್ಡ ಇಡಬೇಕು. ನಂತರ ಒಣ ಮರಳು ಸುರಿದು ಹೀರಿಸಿ, ಗುಡಿಸಿ, ಮುಚ್ಚಿದ ಡ್ರಮ್ಮಿಗೆ ತುಂಬಿ ಅಪಾಯಕಾರಿ ತ್ಯಾಜ್ಯದ ಜೊತೆ ಸಾಗಿಸಬೇಕು. ಆದರೆ ಪೆಟ್ರೋಲ್ ಚೆಲ್ಲಿ ಬೆಂಕಿಯ ಭಯವಿದ್ದಲ್ಲಿ ಸಾರ್ವಜನಿಕರು ಹತ್ತಿರ ಹೋಗದೆ ಎಲ್ಲವನ್ನೂ ಅಗ್ನಿಶಾಮಕ ಸಿಬ್ಬಂದಿಗೆ ಬಿಡಬೇಕು.