ಕೆಲಸ ಬಿಟ್ಟು ಕಾದಂಬರಿ ಬರೆಯುವ ಮುನ್ನ

ಓದಿದಷ್ಟೂ ನಿಮ್ಮ ಬರಹ ನಿಮಗೇ ಸಪ್ಪೆ ಅನ್ನಿಸುತ್ತಿದೆ, ಓದು ನಿಲ್ಲಿಸಿ, ನೌಕರಿಯನ್ನೂ ಬಿಟ್ಟು ಬರೆಯಲು ಕೂರಲೇ ಎಂದು ಕೇಳಿದ್ದೀರಿ. ದಯವಿಟ್ಟು ಓದು ಮಾತ್ರ ನಿಲ್ಲಿಸಬೇಡಿ. ಸಪ್ಪೆ ಅನ್ನಿಸುತ್ತಿರುವುದು ನಿಮ್ಮ ಅಭಿರುಚಿ ಬೆಳೆದಿರುವುದಕ್ಕೇ. ಇಷ್ಟದ ಕಾದಂಬರಿಯ ಒಂದು ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಿ: ಮಾತುಕತೆ ಎಲ್ಲಿಂದ ಶುರುವಾಯಿತು, ಯಾವುದನ್ನು ಹೇಳದೆ ಬಿಟ್ಟರು, ಹತ್ತು ವರ್ಷ ಒಂದೇ ವಾಕ್ಯದಲ್ಲಿ ಹೇಗೆ ದಾಟಿಹೋಯಿತು, ಎಲ್ಲವನ್ನೂ ಅಂಚಿನಲ್ಲೇ ಗುರುತು ಹಾಕಿಕೊಳ್ಳಿ. ನನಗೆ ಇದರಷ್ಟು ಕಲಿಸಿದ್ದು ಬೇರೊಂದಿಲ್ಲ.

ನೌಕರಿ ಮೊದಲ ಕರಡು ಮುಗಿಯುವವರೆಗಾದರೂ ಇರಲಿ. ಇಂಗ್ಲಿಷ್ ಲೇಖಕ ಆಂಥೊನಿ ಟ್ರೊಲೊಪ್ ಅಂಚೆ ಇಲಾಖೆಯಲ್ಲಿದ್ದುಕೊಂಡೇ ಬೆಳಗ್ಗೆ ಬೇಗ ಎದ್ದು ಬರೆಯುತ್ತಿದ್ದರು. ರಾಜೀನಾಮೆ ಕೊಟ್ಟಿದ್ದು 1867ರಲ್ಲಿ, ಹೆಸರಾಂತ ಕಾದಂಬರಿಕಾರರಾದ ಮೇಲೆ. ಮನೆ ಖರ್ಚಿನ ಹೊರೆಯನ್ನು ಮೊದಲ ಪುಸ್ತಕದ ಮೇಲೆ ಹೇರಬೇಡಿ. ಕರಡು ಮುಗಿದರೆ ಖಂಡಿತ ತಿಳಿಸಿ, ಓದುವ ಆಸೆ ನನಗಿದೆ.