ಫ್ಯೂಯಲ್ ಗೇಜ್ ಕಾಲು ಟ್ಯಾಂಕ್ ಅನ್ನುತ್ತೆ, ನನ್ನ ಲೆಕ್ಕ ಇನ್ನೂ ಎರಡು ಗಂಟೆ ಅನ್ನುತ್ತೆ. ಸೋಲೋ ಹಾರಾಟದಲ್ಲಿ ಯಾವುದನ್ನು ನಂಬಲಿ?

ನೀವು ಕೇಳಿದ ಪ್ರಶ್ನೆಯೇ ತಪ್ಪು. ಎರಡೂ ಬೇರೆ ಬೇರೆ ಹೇಳುತ್ತಿದ್ದರೆ ಹಾರಬೇಡಿ. ಆಗಲೇ ಮೇಲಿದ್ದರೆ ಇಳಿಯಿರಿ. "ಗೇಜು ಸುಳ್ಳು ಹೇಳುತ್ತೆ, ಲೆಕ್ಕ ನಂಬು" ಅಂತ ಸೀನಿಯರ್‌ಗಳು ನಿಮಗೂ ಹೇಳಿರುತ್ತಾರೆ. ಆ ಮಾತು ನಂಬಿದ ನಾನು ಚಿತ್ತಾಪುರ ಕಡೆಯ ಕಡಲೆ ಹೊಲದಲ್ಲಿ ಬಿದ್ದೆ.

ಕಲಬುರಗಿ ವಿಮಾನ ನಿಲ್ದಾಣದಲ್ಲಿ ತರಬೇತಿ, ಹಳೆಯ ಸೆಸ್ನಾ 172 ಅನ್ನುವ ಒಂಟಿ ಎಂಜಿನ್ನಿನ ಪುಟ್ಟ ವಿಮಾನ, ನಾನೊಬ್ಬನೇ. ಒಂದೂವರೆ ಗಂಟೆ ಹಾರಾಟ, ಮೇಲೆ ಮುಕ್ಕಾಲು ಗಂಟೆ ರಿಸರ್ವ್. ಗಂಟೆಗೆ 34 ಲೀಟರ್ ಹಿಡಿದರೆ 77 ಲೀಟರ್ ಬೇಕು. ರೆಕ್ಕೆಯೊಳಗಿನ ಟ್ಯಾಂಕಿಗೆ ಅಳತೆ ಕೋಲು ಇಳಿಸಿ ನೋಡಿದೆ, ಎರಡೂ ರೆಕ್ಕೆ ಸೇರಿ 90. ತಳದಲ್ಲೇ ಉಳಿದುಹೋಗುವ 11 ಲೀಟರ್ ಕಳೆದರೂ 79.

ಆ ಕೋಲಿನ ವಿಷಯ ಬಿಡಿಸಿ ಹೇಳುತ್ತೇನೆ. ಈ ಮಾದರಿಗೆ ಎರಡು ಬಗೆಯ ಟ್ಯಾಂಕ್ ಬರುತ್ತವೆ: ಸಾಧಾರಣದ್ದು ಒಟ್ಟು 43 ಗ್ಯಾಲನ್, ಅಂದರೆ 163 ಲೀಟರ್, ಲಾಂಗ್ ರೇಂಜ್ 54 ಗ್ಯಾಲನ್, 204 ಲೀಟರ್. ಕೋಲಿಗೆ ಗೊತ್ತಾಗುವುದು ಪೆಟ್ರೋಲ್ ಎಷ್ಟು ಎತ್ತರ ಇದೆ ಅನ್ನುವುದಷ್ಟೇ. ಲೀಟರಿನ ಗೀಟುಗಳನ್ನು ಒಂದು ವಿಮಾನದ ಟ್ಯಾಂಕಿಗೆ ಅಳೆದು ಹಾಕಿರುತ್ತಾರೆ. ನಮ್ಮ ಹ್ಯಾಂಗರ್ ಮೂಲೆಯ ಪಿವಿಸಿ ಪೈಪಿನೊಳಗೆ ಎರಡು ಕೋಲು ನಿಂತಿರುತ್ತಿದ್ದವು. ಹಿಡಿಯ ಮೇಲೆ ಮಾರ್ಕರಿನಲ್ಲಿ ಬರೆದಿದ್ದ ಆಯಾ ವಿಮಾನದ ನೋಂದಣಿ ಅಕ್ಷರಗಳು ಪೆಟ್ರೋಲ್ ಕೈ ತಾಗಿ ತಾಗಿ ಅಳಿಸಿಹೋಗಿದ್ದವು. ಕೈಗೆ ಸಿಕ್ಕಿದ್ದನ್ನು ತಗೊಂಡೆ. ನೀಲಿ ಅವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ಕೋಲಿನ ಮೇಲೆ ಬೇಗ ಆರಿಬಿಡುತ್ತೆ, ಆರುವ ಮೊದಲು ಗೀಟು ಓದಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಅದು ಲಾಂಗ್ ರೇಂಜ್ ಕೋಲು, ನನ್ನದು ಸಾಧಾರಣ ಟ್ಯಾಂಕು. ಕೋಲು 90 ಅಂದಾಗ ಒಳಗಿದ್ದದ್ದು 71ರ ಆಸುಪಾಸು, ಬಳಕೆಗೆ 60. ಒಂದೂಮುಕ್ಕಾಲು ಗಂಟೆಯ ಎಣ್ಣೆ.

1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು 41,000 ಅಡಿಯಲ್ಲಿ ಹೀಗೇ ಬರಿದಾಯಿತು. ಅಲ್ಲಿ ಲೀಟರನ್ನು ಕಿಲೋ ಮಾಡುವ ಬದಲು ಪೌಂಡಿನ ಅಂಕಿ ಹಿಡಿದಿದ್ದರು. ಗುಣಾಕಾರ ಸರಿಯಿತ್ತು, ಗುಣಿಸಿದ ಅಂಕಿ ತಪ್ಪು. ನನ್ನದೂ ಅದೇ ಕಥೆ.

ಮಳಖೇಡದ ಸಿಮೆಂಟ್ ಕಾರ್ಖಾನೆ ಕಾಣುವ ಹೊತ್ತಿಗೆ ಗೇಜಿನ ಎರಡೂ ಮುಳ್ಳು ತಳ ಸೇರುತ್ತಿದ್ದವು. ಗೇಜು ನಿಜವನ್ನೇ ಹೇಳುತ್ತಿತ್ತು. ಬೆಂಗಳೂರಿನ ವಿಮಾನ ಇಳಿಯುವವರೆಗೆ ಚಿತ್ತಾಪುರದ ಮೇಲೆ ಸುತ್ತು ಹಾಕುತ್ತಿರಲು ಟವರ್ ಹೇಳಿತು. "ಮಿನಿಮಮ್ ಫ್ಯೂಯಲ್" ಅಂದಿದ್ದರೆ ಸಾಕಿತ್ತು, ತಡಮಾಡಿದರೆ ತೊಂದರೆ ಅಂತ ಅವರಿಗೆ ತಿಳಿಯುತ್ತಿತ್ತು. ಲೆಕ್ಕದ ಹಾಳೆಯಲ್ಲಿ ಇನ್ನೂ ಮುಕ್ಕಾಲು ಗಂಟೆ ಇತ್ತಲ್ಲ, ಅನ್ನಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಎಂಜಿನ್ ಮತ್ತೆ ಹೊತ್ತಿಸಲು ಮಿಕ್ಸ್ಚರ್, ಕಾರ್ಬ್ ಹೀಟ್, ಪ್ರೈಮರ್, ಎಲ್ಲ ಮಾಡಿದೆ. ಎಂಜಿನ್ ಇಲ್ಲದೆ ತೇಲುವ ವೇಗ 65 ನಾಟ್ ಹಿಡಿದು, ರೇಡಿಯೋದಲ್ಲಿ ಆಪತ್ತಿನ ಕರೆ "ಮೇಡೇ" ಕೂಗಿದೆ. ಕೆಳಗೆ ಎದೆಯೆತ್ತರದ ತೊಗರಿ, ಅದರ ಮಗ್ಗುಲಿಗೆ ಮೊಳದುದ್ದದ ಕಡಲೆ. ಕಡಲೆಯ ಸಾಲಿನುದ್ದಕ್ಕೆ ಇಳಿಸಿದೆ. ಎರೆಮಣ್ಣಿನ ಒಡ್ಡಿಗೆ ಮುಂದಿನ ಗಾಲಿ ಬಡಿದು ಮುರಿಯಿತು, ಮೂತಿ ಮಣ್ಣಿಗೆ ಹೂತು ಬಾಲ ಮೇಲೆದ್ದಿತು. ಬೆಲ್ಟ್ ಇದ್ದದ್ದಕ್ಕೆ ಹುಬ್ಬಿಗೆ ಮೂರು ಹೊಲಿಗೆಯಲ್ಲಿ ಮುಗಿಯಿತು.

ಹೊಲದ ಯಜಮಾನರು ಓಡಿಬಂದು ನನ್ನನ್ನು ಎಳೆದು ಹಾಕಿದರು. ಬೆಂಕಿ ಹತ್ತುತ್ತೆ ಅಂತ ದೂರ ಕರೆದೊಯ್ದು ಕೂರಿಸಿದವರು, ಆಮೇಲೆ ತಿರುಗಿ ನೋಡಿ ಕೇಳಿದರು: "ತಮ್ಮಾ, ಎಣ್ಣಿ ವಾಸನಿನೇ ಬರವಲ್ದಲ್ಲೋ. ಗಾಡ್ಯಾಗ ಎಣ್ಣಿನೇ ಇಲ್ಲೇನು?"

ಆದ್ದರಿಂದ ಯಾವುದು ಕಡಿಮೆ ಹೇಳುತ್ತೋ ಅದನ್ನೇ ನಿಜ ಅಂತ ಹಿಡಿಯಿರಿ. ಇನ್‌ಸ್ಟ್ರಕ್ಟರ್ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ, ಇಳಿದು ಇನ್ನೊಮ್ಮೆ ಅಳೆಯಿರಿ. ನಾಳೆ ಹ್ಯಾಂಗರಿಗೆ ಹೋದ ಕೂಡಲೇ ನಿಮ್ಮ ಕೋಲಿನ ಹಿಡಿ ನೋಡಿ. ನೋಂದಣಿ ಅಕ್ಷರ ಮಾರ್ಕರಿನಲ್ಲಿದ್ದರೆ ಕೆತ್ತಿಸಿ. ಅಕ್ಷರವೇ ಇಲ್ಲದಿದ್ದರೆ ಆ ಕೋಲನ್ನು ಮುಟ್ಟಬೇಡಿ.